ಕೊನೆಗೆ ಉಳಿದವರಿಗೆ ಮನೆ

ಪೋರ್ಟ್ ಕೆಂಬ್ಲಾದ ಆ ಮನೆಯಲ್ಲಿ ಭಾನುವಾರದ ಊಟಕ್ಕೆ ಕೂತಾಗ ಕ್ಲೈವ್‌ನ ತಟ್ಟೆಯೊಂದನ್ನು ನೋಡಿದರೆ ಸಾಕಿತ್ತು. ಅವನು ನೂರು ವರ್ಷ ಬಾಳಲಿ ಎಂದು ಯಾರಿಗೆ ಆಸೆ, ಬೇಗ ಕಣ್ಣು ಮುಚ್ಚಲಿ ಎಂದು ಯಾರಿಗೆ ಆಸೆ, ಎಲ್ಲವನ್ನೂ ಅದರಲ್ಲಿ ಬಡಿಸಿಟ್ಟಿರುತ್ತಿದ್ದರು. ಅದು ಕಾಣದೆ ಇದ್ದದ್ದು ಕ್ಲೈವ್ ಒಬ್ಬನಿಗೇ. ಅವನು ಹಾಕಿದ್ದನ್ನೆಲ್ಲ ತಿನ್ನುತ್ತಿದ್ದ.

ಅವನ ತಂಗಿ ನೋಲಾಳಿಗೆ ಎಲ್ಲ ಕಾಣುತ್ತಿತ್ತು. ಅಡುಗೆ ಮಾಡುವವಳು ಅವಳು, ತಟ್ಟೆ ತೊಳೆಯುವವಳೂ ಅವಳೇ. ಯಾರು ಏನು ತಂದರು, ಯಾರು ಯಾರ ತಟ್ಟೆಗೆ ಏನು ತಳ್ಳಿದರು ಎಂಬುದು ಅವಳ ಕಣ್ಣು ತಪ್ಪಿಸಿ ಆಗುವಂತಿರಲಿಲ್ಲ. ನೋಡಿ ನೋಡಿ ಆ ಜನದ ಮೇಲೆ ಅವಳಿಗೆ ಸಿಟ್ಟು ಕೂಡ ಬರುವುದು ನಿಂತುಹೋಗಿತ್ತು. ಹೇಸಿಗೆಯೊಂದೇ ಉಳಿದಿತ್ತು.

ಮನೆ ಅವರಮ್ಮನದು. ಶೀಟಿನ ಗೋಡೆ, ತಗಡಿನ ಚಾವಣಿ, ನಡೆದರೆ ಕಿರುಗುಟ್ಟುವ ಹಲಗೆ ನೆಲ. ಮುದುಕಿ ಬದುಕಿದ್ದಾಗ ಆ ಬೀದಿಯನ್ನು ಯಾರೂ ಮೂಸಿ ನೋಡುತ್ತಿರಲಿಲ್ಲ. ಒಣಹಾಕಿದ ಬಟ್ಟೆಯ ಮೇಲೆ ಉಕ್ಕಿನ ಕಾರ್ಖಾನೆಯ ಮಸಿ ಕೂರುತ್ತಿತ್ತು. ಈಗ ಸಿಡ್ನಿಯ ಜನ ಶನಿವಾರ ಬಂದು, ಬೇಲಿಯ ಹೊರಗೆ ನಿಂತು, ಮುಂದಿನ ಕೋಣೆಯ ಕಿಟಕಿಯಿಂದ ಸಮುದ್ರ ಎಷ್ಟು ಕಾಣಬಹುದು ಎಂದು ಕತ್ತು ಉದ್ದ ಮಾಡಿ ನೋಡಿ ಹೋಗುತ್ತಾರೆ. ಮುದುಕಿ ಉಯಿಲು ಬರೆಸಲು ಹೋದಾಗ, ಮಕ್ಕಳಿಗೆ ಪಾಲು ಮಾಡಿ ಕೊಡಲೋ ಒಟ್ಟಿಗೆ ಬರೆಯಲೋ ಎಂದು ವಕೀಲ ಕೇಳಿದ್ದ. ಪಾಲು ಮಾಡಿದರೆ ಮಾರಿಕೊಂಡು ಹೋಗುತ್ತಾರೆ, ಒಟ್ಟಿಗೆ ಬರಿ ಎಂದಳು ಅವಳು. ಅವನು ಜಂಟಿ ಒಡೆತನ ಎಂದು ಬರೆದ. ಜಂಟಿ ಎಂದರೆ ಮೂರು ಮಕ್ಕಳಲ್ಲಿ ಯಾರೂ ಇದು ನನ್ನ ಪಾಲು ಎಂದು ಬೆರಳಿಟ್ಟು ತೋರಿಸುವಂತಿಲ್ಲ, ಯಾರಿಗೂ ಬರೆದಿಡುವಂತಿಲ್ಲ. ಒಬ್ಬರು ಸತ್ತರೆ ಅವರ ಹೆಸರು ಅಳಿಸಿಹೋಗುತ್ತದೆ, ಮನೆ ಉಳಿದವರದು. ಇನ್ನೊಬ್ಬರು ಸತ್ತರೆ ಕೊನೆಗೆ ಉಳಿದವರಿಗೆ ಇಡೀ ಮನೆ. ಮಕ್ಕಳು ಕೂಡಿ ಇರಲಿ ಎಂದು ತಾಯಿ ಮಾಡಿದ ಏರ್ಪಾಡು. ಕೂಡಿಯೇ ಇದ್ದರು, ಒಬ್ಬರ ಹೆಣ ಇನ್ನೊಬ್ಬರು ಕಾಯುತ್ತ.

ನೋಲಾ ಆ ಮನೆ ಬಿಟ್ಟು ಹೋದವಳೇ ಅಲ್ಲ. ಶಾಲೆಯ ಕ್ಯಾಂಟೀನಿನಲ್ಲಿ ಸ್ಯಾಂಡ್‌ವಿಚ್ ಮಾಡುತ್ತಿದ್ದಳು, ಸಂಜೆ ಬಂದು ಅಮ್ಮನನ್ನು ನೋಡಿಕೊಳ್ಳುತ್ತಿದ್ದಳು. ಈಗ ಅರವತ್ತೇಳು, ಸರ್ಕಾರದ ಪಿಂಚಣಿ ಬಿಟ್ಟರೆ ಬೇರೇನಿಲ್ಲ. ಅಕ್ಕ ಎನಿಡ್ ಗಂಡ ಹೋದ ಮೇಲೆ ಬಂದು ಸೇರಿಕೊಂಡವಳು. ವುಲಂಗಾಂಗಿನಲ್ಲಿ ಅವಳಿಗೆ ಸ್ವಂತ ಫ್ಲ್ಯಾಟಿದೆ, ಅದನ್ನು ಬಾಡಿಗೆಗೆ ಕೊಟ್ಟು, ಒಬ್ಬಳೇ ಇರಲು ಬೇಜಾರು ಎಂದು ಇಲ್ಲಿಗೆ ಬಂದಳು. ಎಪ್ಪತ್ತು ದಾಟಿದರೂ ದಿನಾ ಬೆಳಗ್ಗೆ ಸಮುದ್ರದ ದಂಡೆಯ ಮೇಲೆ ಕೈ ಬೀಸಿಕೊಂಡು ನಡೆಯುತ್ತಾಳೆ, ವಾಪಸು ಬಂದು ಎಷ್ಟು ದೂರ ನಡೆದೆ ಎಂದು ಕೇಳದವರಿಗೂ ಹೇಳುತ್ತಾಳೆ. ಎಲ್ಲರಿಗಿಂತ ದೊಡ್ಡವನು ಕ್ಲೈವ್. ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನನ್ನು ಹೆಂಡತಿ ಹೊರಗೆ ಹಾಕಿದಳು. ಅವನು ಎರಡು ಸೂಟ್‌ಕೇಸು ಹಿಡಿದು ಬಂದು ಸಮುದ್ರ ಕಾಣುವ ಮುಂದಿನ ಕೋಣೆಯನ್ನೇ ಹಿಡಿದ.

ಕ್ಲೈವ್‌ಗೆ ಒಬ್ಬನೇ ಮಗ ಗಾರ್ತ್, ಈಜುಕೊಳ ತೊಳೆಯುವ ವ್ಯಾಪಾರದವನು. ಅವನ ಹೆಂಡತಿ ಜನೆಲ್ ಹಲ್ಲಿನ ಡಾಕ್ಟರ ಮುಂದಿನ ಮೇಜಿನಲ್ಲಿ ಕೂತು ಬಂದವರಿಗೆಲ್ಲ ಹಲ್ಲು ತೋರಿಸುವವಳು. ಭಾನುವಾರ ತಪ್ಪದೆ ಇಬ್ಬರೂ ಬಂದು ಊಟ ಮಾಡಿ ಹೋಗುತ್ತಿದ್ದರು. ಒಂದು ದಿನವೂ ಒಂದು ತಟ್ಟೆ ತೊಳೆದವರಲ್ಲ. ಜನೆಲ್ ಮಾವನಿಗಾಗಿ ಡಬ್ಬಿ ತರುತ್ತಿದ್ದಳು.

"ಕ್ಲೈವ್, ಇದು ನಿಮಗೆ ಅಂತಾನೇ. ಬೀಟ್ರೂಟು, ಪಾಲಕ್ಕು, ಎಣ್ಣೆ ಒಂದ್ ಹನೀನೂ ಹಾಕಿಲ್ಲ."

"ಗಂಡಸು ಸೊಪ್ಪು ತಿಂದು ಬದುಕ್ತಾನಾ?" ಎನ್ನುತ್ತಿದ್ದಳು ಎನಿಡ್. ಹಂದಿಯ ರೋಸ್ಟಿನ ಮೇಲಿನ ಗರಿಗರಿ ಚರ್ಮವನ್ನು ತನ್ನ ಪಾಲಿನದೂ ಸೇರಿಸಿ ಅಣ್ಣನ ತಟ್ಟೆಗೆ ಹಾಕುತ್ತಿದ್ದಳು. "ತಗೋ ಕ್ಲೈವ್, ನಂಗೆ ಹಲ್ಲಿಗಾಗಲ್ಲ. ಗ್ರೇವಿ ಇನ್ನೊಂಚೂರು ಹಾಕ್ಲಾ?"

ಎರಡೂ ಇರಲಿ ಎನ್ನುತ್ತಿದ್ದ ಕ್ಲೈವ್. ವಯಸ್ಸಾದ ಮೇಲೆ ತನಗೆ ಬೆಲೆ ಬಂತು ಎಂದು ಅವನ ಲೆಕ್ಕ. ಆದರೆ ಆ ಬೀಟ್ರೂಟಿನಲ್ಲೂ ಆ ಚರ್ಮದಲ್ಲೂ ಇದ್ದದ್ದು ಒಂದೇ ಲೆಕ್ಕ. ಕ್ಲೈವ್ ಇಬ್ಬರು ತಂಗಿಯರನ್ನೂ ಕಳಿಸಿ ಕೊನೆಗೆ ಉಳಿದರೆ ಇಡೀ ಮನೆ ಅವನದು, ಅವನ ಹಿಂದೆ ಗಾರ್ತ್‌ನದು. ಅವನು ಮೊದಲು ಹೋದರೆ ಗಾರ್ತ್‌ಗೆ ಹಿತ್ತಿಲ ನಲ್ಲಿಯೂ ಇಲ್ಲ. ಅದಕ್ಕೆ ಸೊಸೆಯ ಕೈಯಲ್ಲಿ ಸೊಪ್ಪು, ತಂಗಿಯ ಕೈಯಲ್ಲಿ ಕೊಬ್ಬು.

ಶುಕ್ರವಾರಗಳಂದು ಕ್ಲೈವ್ ಬೋಲಿಂಗ್ ಕ್ಲಬ್ಬಿಗೆ ಹೋಗಿ ಮಾಂಸದ ಲಾಟರಿ ಆಡುತ್ತಿದ್ದ. ಗೆದ್ದವರಿಗೆ ಸಾಸೇಜು, ಚಾಪ್ಸು, ಬೇಕನ್ ಜೋಡಿಸಿದ ದೊಡ್ಡ ತಟ್ಟೆ. ಮಾರ್ಚಿನಲ್ಲಿ ಒಂದು ಶುಕ್ರವಾರ ಗೆದ್ದ ತಟ್ಟೆಯನ್ನು ಎದೆಗವಚಿಕೊಂಡೇ ಅವನು ಬಾರಿನ ಮುಂದೆ ಕುಸಿದ. ಆಂಬುಲೆನ್ಸಿನವರು ಎತ್ತಿ ಮಲಗಿಸಿದರೆ, ಸಾಸೇಜನ್ನು ಯಾರಾದರೂ ಫ್ರಿಜ್ಜಿನಲ್ಲಿಡಿ ಎಂದನಂತೆ. ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದರು. ಆಸ್ಪತ್ರೆಯಿಂದ ಫೋನು ಬಂದೊಡನೆ ನೋಲಾ ಹುಡುಕಿದ್ದು ಕೈಚೀಲ. ಎನಿಡ್ ಹುಡುಕಿದ್ದು ಅಳತೆ ಟೇಪು. ಆಸ್ಪತ್ರೆಗೆ ಹೊರಡುವ ಮುಂಚೆ ಅವಳು ಕ್ಲೈವ್‌ನ ಕೋಣೆಗೆ ಹೋಗಿ ಸಮುದ್ರದ ಕಿಟಕಿಗೆ ಪರದೆಯ ಅಳತೆ ತೆಗೆದುಕೊಂಡಳು. ನೋಲಾ ಬಾಗಿಲಲ್ಲಿ ನಿಂತು ನೋಡಿದಳು. ಧೂಳು ಕೂತಿದೆ, ಒಗೆದು ಹಾಕೋಣ ಅಂತ, ಎಂದಳು ಎನಿಡ್.

ಕ್ಲೈವ್ ಸಾಯಲಿಲ್ಲ. ಟೇಪು ಡ್ರಾಯರಿಗೆ ಮರಳಿತು. ಆದರೆ ಜನೆಲ್‌ಗೆ ಕಣ್ಣು ತೆರೆಯಿತು. ಈ ಮುದುಕ ಈ ಓಟದಲ್ಲಿ ಗೆಲ್ಲುವ ಕುದುರೆಯಲ್ಲ, ಎಷ್ಟು ಬೀಟ್ರೂಟು ತಿನ್ನಿಸಿದರೂ ಆ ಕೈ ಬೀಸಿ ನಡೆಯುವವಳ ಮುಂದೆ ನಿಲ್ಲುವವನಲ್ಲ. ಅವಳು ಒಬ್ಬ ವಕೀಲನನ್ನು ಹಿಡಿದಳು. ಕ್ಲೈವ್ ಗಾಳಿ ಕುಡಿಯಲಿ ಎಂದು ಕಾರಿನಲ್ಲಿ ಕರೆದೊಯ್ದರು, ಕಡಲದಂಡೆಯಲ್ಲಿ ಕರಿದ ಮೀನು ಕೊಡಿಸಿದರು, ಬರುವ ದಾರಿಯಲ್ಲಿ ವಕೀಲನ ಹತ್ತಿರ ಸಹಿ ಹಾಕಿಸಿದರು. ಅವನು ತನ್ನ ಹಕ್ಕನ್ನು ತನಗೇ ಬರೆದುಕೊಟ್ಟಂತೆ ಒಂದು ಕಾಗದ. ಅಷ್ಟಕ್ಕೇ ಜಂಟಿ ಮುರಿಯುತ್ತದೆ, ಅವನ ಮೂರನೇ ಒಂದು ಪಾಲು ಬೇರೆಯಾಗುತ್ತದೆ, ಅದನ್ನು ಅವನು ಯಾರಿಗೆ ಬೇಕಾದರೂ ಬರೆದಿಡಬಹುದು. ಗಾರ್ತ್‌ಗೆ ಬರೆದೂ ಇಟ್ಟ.

ಆಸ್ತಿ ದಾಖಲೆಯ ಕಚೇರಿಯಿಂದ ತಂಗಿಯರಿಬ್ಬರಿಗೂ ತಿಳಿವಳಿಕೆ ಬಂತು. ಎನಿಡ್ ಅದನ್ನು ನಿಂತೇ ಓದಿ, ಊಟದ ಮೇಜಿನ ಮೇಲೆ ಕುಕ್ಕಿದಳು. ಕ್ಲೈವ್ ಟೋಸ್ಟು ತಿನ್ನುತ್ತಿದ್ದ.

"ಕಳ್ಳನ ಥರ ಹೋಗಿ ಸೈನ್ ಹಾಕಿ ಬಂದ್ಯಾ?"

"ಕದ್ದಿದ್ದೇನಿಲ್ವಲ್ಲ. ನನ್ನ ಪಾಲು ನಾನು ಬೇರೆ ಮಾಡ್ಕೊಂಡೆ. ನಿಮ್ಮಿಬ್ರದು ನಿಮ್ಮಿಬ್ರಿಗೆ ಜಂಟಿಯಾಗೇ ಇದೆ. ನಿಮ್ಮನ್ನ ಕೇಳ್ಬೇಕಾಗೇ ಇಲ್ವಂತೆ, ಲಾಯರು ಹೇಳ್ದ."

"ಮನೆ ಹೋಳಾಗ್ಬಾರ್ದು ಅಂತ ಅಮ್ಮ ಬಾಯಿಬಿಟ್ಟು ಹೇಳಿದ್ಳು. ಅವಳ ಮಾತಿಗೆ ಇಷ್ಟೇನಾ ಬೆಲೆ?"

"ಗಾರ್ತ್ ನನ್ನ ಮಗ ಅಲ್ವಾ. ನಾನು ಹೋದ್ರೆ ಅವನಿಗೆ ಏನೂ ಇಲ್ಲ ಅಂದ್ರೆ ಹೇಗೆ?"

"ನೀನು ಎಲ್ಲಿಗೆ ಹೋಗ್ತೀಯ? ಈಗ ಯಾರು ಹೋಗೋ ಮಾತು ಆಡಿದ್ದು? ನಾವೆಲ್ಲ ನಿನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ತಿಲ್ವಾ?"

ನೋಲಾ ಚಹಾ ಬಸಿಯುತ್ತ, "ಪರದೆ ಬಟ್ಟೆ ತಂದಾಯ್ತಾ, ಎನಿಡ್?" ಎಂದಳು.

"ಯಾವ ಪರದೆ?" ಎಂದ ಕ್ಲೈವ್. ಎನಿಡ್ ಕಾಗದ ಎತ್ತಿಕೊಂಡು ಹೊರಗೆ ನಡೆದಳು. ಅವನು ಇನ್ನೊಂದು ಟೋಸ್ಟು ತೆಗೆದುಕೊಂಡ.

ಎನಿಡ್ ಎರಡು ದಿನ ಮುಖ ಗಂಟು ಹಾಕಿಕೊಂಡು ಓಡಾಡಿದಳು. ಮೂರನೆಯ ದಿನ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಕಾಣೆಯಾಯಿತು. ಒಲೆಯ ಪಕ್ಕದಲ್ಲಿ ಅಮ್ಮನ ಕಾಲದಿಂದ ಇದ್ದ, ಕರಿದ ಕೊಬ್ಬು ಸೋಸಿಡುವ ಡಬ್ಬಿಯೂ ಕಸಕ್ಕೆ ಹೋಯಿತು. ಎನಿಡ್ ದಂಡೆಯಿಂದ ಬರುವಾಗ ಮೀನು ತಂದಳು, ಒಗ್ಗರಣೆಯಿಲ್ಲ ಉಪ್ಪಿಲ್ಲ, ಬರೀ ಹಬೆಯಲ್ಲಿ ಬೇಯಿಸಿ ಅಣ್ಣನ ಮುಂದೆ ಇಟ್ಟಳು. ಬೇಯಿಸಿದ ಬಟ್ಟೆಯ ಹಾಗಿತ್ತು ಅದು. ಮಾತ್ರೆ ನುಂಗಿದೆಯಾ ಎಂದು ಬೆಳಗ್ಗೆ ಒಂದು ಸಲ, ರಾತ್ರಿ ಒಂದು ಸಲ ಕೇಳಿದಳು. ಅವನು ಮೆಟ್ಟಿಲಿಳಿದರೆ ಅವಳ ಕೈ ಅವನ ಮೊಣಕೈ ಹಿಡಿದಿರುತ್ತಿತ್ತು.

ನೋಲಾ ಪಾತ್ರೆ ಒರೆಸುತ್ತ ಒಮ್ಮೆ ನೇರವಾಗಿಯೇ ಕೇಳಿದಳು, ಇದೇನಿದು ಇಷ್ಟು ಅಕ್ಕರೆ ಎಂದು.

"ನಿಂಗೆ ಬುದ್ಧಿ ಇಲ್ಲ," ಎಂದಳು ಎನಿಡ್ ದನಿ ತಗ್ಗಿಸಿ. "ಅವನು ಬದುಕಿದ್ರೆ ತಾನೇ ಇವತ್ತಲ್ಲ ನಾಳೆ ಒಪ್ಸಿ ಮತ್ತೆ ಜಂಟಿಗೆ ತರ್ಬಹುದು? ಈಗ ಹೋದ ಅಂದ್ರೆ ಆ ಜನೆಲ್ ಬಂದು ಮನೆ ಮಧ್ಯೆ ಕೂರ್ತಾಳೆ."

ನ್ಯಾಯವಾದ ಮಾತೇ. ಆದರೆ ಅದೇ ವಾರದಿಂದ ನೋಲಾಳ ಟೋಸ್ಟಿಗೆ ಎನಿಡ್ ತಾನೇ ಬೆಣ್ಣೆ ಹಚ್ಚಿಕೊಡಲು ಶುರುಮಾಡಿದ್ದಳು, ಚಾಕುವಿನ ತುಂಬ ತೆಗೆದು, ಅಂಚಿನವರೆಗೂ. ಜಂಟಿಯಲ್ಲಿ ಈಗ ಉಳಿದಿದ್ದವರು ಅವರಿಬ್ಬರೇ ತಾನೆ. ನೋಲಾ ಬೆಣ್ಣೆಯನ್ನು ಚಾಕುವಿನಿಂದ ಹೆರೆದು ತಟ್ಟೆಯ ಅಂಚಿಗೆ ಒರೆಸಿ, ಬರಿ ಟೋಸ್ಟು ತಿಂದಳು. ಒಡಹುಟ್ಟಿದವಳು ಎಂಬ ಮರ್ಯಾದೆಗೆ ಅಷ್ಟಕ್ಕೇ ಬಿಟ್ಟಳು.

ಭಾನುವಾರ ಬಂತು. ಜನೆಲ್ ಕೈಯಲ್ಲಿ ಬೀಟ್ರೂಟಿನ ಡಬ್ಬಿ ಇರಲಿಲ್ಲ. ಎರಡೂ ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಪಾವ್ಲೋವಾ ಇತ್ತು. ಸಕ್ಕರೆ ಮೊಟ್ಟೆಯ ಬಿಳಿ ಗುಡ್ಡ, ಅದರ ಮೇಲೆ ಬೆರಳುದ್ದ ಕೆನೆ, ಕೆನೆಯ ಮೇಲೆ ಪ್ಯಾಶನ್‌ಫ್ರೂಟಿನ ರಸ. ಮುಂದಿನ ಭಾನುವಾರವೂ ತಂದಳು. ಅದರ ಮುಂದಿನ ಭಾನುವಾರ ಅದರ ಜೊತೆಗೆ ಹಂದಿಯ ಹೊಟ್ಟೆಭಾಗದ ಮಾಂಸವನ್ನೂ ಸುಟ್ಟು ತಂದಳು.

"ಇರೋ ನಾಲ್ಕು ದಿನ ಇಷ್ಟಪಟ್ಟಿದ್ದು ತಿನ್ನಿ ಕ್ಲೈವ್. ಬಾಯಿ ಕಟ್ಟಿ ಯಾರು ಏನು ಕಟ್ಕೊಂಡ್ ಹೋಗ್ತಾರೆ?"

"ಸಕ್ಕರೆ ಅವನಿಗೆ ವಿಷ," ಎಂದಳು ಎನಿಡ್, ಪಾವ್ಲೋವಾದ ತಟ್ಟೆಯನ್ನು ಹಿಂದಕ್ಕೆ ಎಳೆಯುತ್ತ.

"ನೀವು ಅವರಿಗೆ ಚೂರು ಸಂತೋಷಾನೂ ಬಿಡಲ್ವಲ್ಲ," ಎಂದು ಜನೆಲ್ ಅದನ್ನು ಮುಂದಕ್ಕೆ ತಳ್ಳಿದಳು.

ಪಾವ್ಲೋವಾ ಮೇಜಿನ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡಿತು. ಗಾರ್ತ್ ತಲೆ ಎತ್ತದೆ ತಾನು ಎರಡು ತುಂಡು ತಿಂದು ಮುಗಿಸಿದ. ನೋಲಾ ಗ್ರೇವಿಯ ಜಗ್ಗು ಹಿಡಿದು ನಿಂತು ಈ ಸಂಬಂಧಿಕರನ್ನು ನೋಡಿದಳು. ಬೀದಿನಾಯಿಗಳಾದರೂ ಕಿತ್ತಾಡುವಾಗ ಹಲ್ಲು ತೋರಿಸಿಯೇ ಕಿತ್ತಾಡುತ್ತವೆ ಎನಿಸಿತು ಅವಳಿಗೆ.

ಅವಳ ಅಡುಗೆ ಮಾತ್ರ ಯಾವ ವಕೀಲನ ಕಾಗದಕ್ಕೂ ಬದಲಾಗಿರಲಿಲ್ಲ. ಮಂಗಳವಾರ ಎಂದರೆ ಕುರಿಯ ಚಾಪ್ಸು, ಕುಂಬಳಕಾಯಿ, ಬಟಾಣಿ. ಚಾಪ್ಸಿನ ಅಂಚಿಗೆ ಬೆರಳು ದಪ್ಪದ ಕೊಬ್ಬಿನ ಪಟ್ಟಿ, ಅದನ್ನು ಬಾಣಲೆಯಲ್ಲಿ ನಿಲ್ಲಿಸಿ ಕೆಂಪಗೆ ಮಾಡಿ ಕೊಟ್ಟರೆ ಕ್ಲೈವ್ ಕೊನೆಗೆಂದು ಉಳಿಸಿಕೊಂಡು ತಿನ್ನುತ್ತಿದ್ದ. ಡಾಕ್ಟರು ಬೇಡ ಅಂದಿದ್ದರು. ಎಪ್ಪತ್ತನಾಲ್ಕು ವರ್ಷದ ಗಂಡಸಿಗೆ ತನ್ನ ತಟ್ಟೆ ತನಗೆ ಗೊತ್ತಿರಬೇಕು ಎಂಬುದು ನೋಲಾಳ ಮತ. ಅವಳು ಅವನನ್ನು ಕೊಲ್ಲಲೂ ಹೋಗಲಿಲ್ಲ, ಉಳಿಸಲೂ ಹೋಗಲಿಲ್ಲ. ಆ ಮನೆಯಲ್ಲಿ ಕೈ ತೊಳೆದುಕೊಂಡು ನಿಂತವಳು ತಾನೊಬ್ಬಳೇ ಎಂಬ ಹೆಮ್ಮೆ ಅವಳಿಗೆ ಚೆನ್ನಾಗಿಯೇ ಇತ್ತು.

ನಾಲ್ಕನೆಯ ಭಾನುವಾರ ಕ್ಲೈವ್ ಪಾವ್ಲೋವಾಕ್ಕೆ ಚಮಚ ಹಾಕಿದವನು ಹಾಗೇ ನಿಲ್ಲಿಸಿದ. ಅವನ ಎಡಗಡೆಗೆ ಎನಿಡ್‌ಳ ಬೆಂದ ಮೀನು, ಬಲಗಡೆಗೆ ಸೊಸೆಯ ಕೆನೆ. ನಿಧಾನಕ್ಕೆ ಯೋಚಿಸುವವನಾದರೂ ಯೋಚನೆಯೇ ಇಲ್ಲದವನಲ್ಲ. ಎಡಕ್ಕೊಮ್ಮೆ ನೋಡಿದ, ಬಲಕ್ಕೊಮ್ಮೆ ನೋಡಿದ.

"ಜನೆಲ್, ಆ ಬೀಟ್ರೂಟ್ ಡಬ್ಬಿ ಎಲ್ಲಿ ಹೋಯ್ತು?"

"ನಿಮಗೆ ಇಷ್ಟ ಇರ್ಲಿಲ್ವಲ್ಲ."

"ಎರಡು ವರ್ಷದಿಂದ ಇಷ್ಟ ಇರ್ಲಿಲ್ಲ. ನಾನು ಸೈನ್ ಹಾಕಿದ ಮೇಲೆ ನಿಂತೋಯ್ತು." ಅವನು ಎನಿಡ್ ಕಡೆ ತಿರುಗಿದ. "ನೀನು ನಿನ್ನ ಪಾಲಿನ ಚರ್ಮಾನೂ ನಂಗೇ ಹಾಕ್ತಿದ್ದೆ. ಈಗ ಉಪ್ಪು ಕೂಡ ಬಚ್ಚಿಡ್ತೀಯ."

ಎನಿಡ್ ನ್ಯಾಪ್ಕಿನ್ ಮಡಿಸತೊಡಗಿದಳು. ಜನೆಲ್ ಗಂಡನ ಮುಖ ನೋಡಿದಳು. ಕ್ಲೈವ್‌ಗೆ ನಗು ಬಂತೋ ಕೆಮ್ಮು ಬಂತೋ, ಭುಜ ಅಲುಗಿತು.

"ನಾನು ಏನೋ ನಿಮಗೆಲ್ಲ ನಾನು ಬೇಕಾಗಿದ್ದೀನಿ ಅನ್ಕೊಂಡಿದ್ದೆ."

ಗಾರ್ತ್ ಚಮಚ ಕೆಳಗಿಟ್ಟ. ತಪ್ಪು ಸಿಕ್ಕಿಬಿದ್ದಾಗ ಗದರಿಸುವುದು ಅವನ ಚಿಕ್ಕಂದಿನ ಅಭ್ಯಾಸ. "ಅಪ್ಪಾ, ಊಟಕ್ಕೆ ಬಂದೋರ ಮೇಲೆ ಇದೆಂಥ ಮಾತು? ಮುಚ್ಚುಮರೆ ಯಾಕೆ, ನೇರವಾಗೇ ಹೇಳ್ತೀನಿ. ನಮಗೆ ಈ ಹಳೇ ಶೀಟಿನ ಮನೇಲಿ ಇರೋ ಆಸೆ ಏನಿಲ್ಲ. ನಂಗೆ ನಿನ್ನ ಪಾಲು ಬಂದ ದಿನ ಮಾರ್ಸ್ತೀನಿ. ಆಂಟಿಯರು ಒಪ್ಪದೆ ಇದ್ರೆ ಕೋರ್ಟು ಮಾರ್ಸುತ್ತೆ, ಪಾಲುದಾರ ಕೇಳಿದ್ರೆ ಸಾಕು. ಎನಿಡ್ ಆಂಟಿಗೆ ಫ್ಲ್ಯಾಟಿದೆ. ನೋಲಾ ಆಂಟಿಗೆ ಬರೋದು ಬರುತ್ತೆ, ಎಲ್ಲಾದ್ರೂ ಕಡಲಿಂದ ದೂರ, ಒಳಗಡೆ ಊರಲ್ಲಿ ಸಣ್ಣದೊಂದು ತಗೊಂಡು ಆರಾಮಾಗಿ ಇರ್ಲಿ."

"ಆ ದುಡ್ಡಿಗೆ ಈ ಊರಲ್ಲಿ ಕಾರ್ ನಿಲ್ಸೋ ಜಾಗಾನೂ ಬರಲ್ಲ," ಎಂದಳು ನೋಲಾ.

"ಅದಕ್ಕೇ ಒಳಗಡೆ ಊರು ಅಂದಿದ್ದು, ಆಂಟಿ," ಎಂದ ಗಾರ್ತ್, ಅವಳಿಗೆ ಉಪಕಾರ ಮಾಡಿದವನ ಹಾಗೆ. ಆಮೇಲೆ ಕಾಫಿ ಕೇಳಿದ. ನೋಲಾ ಕೊಡಲಿಲ್ಲ. ಅವರು ಎದ್ದು ಹೋದ ಮೇಲೆ ಉಳಿದ ಪಾವ್ಲೋವಾವನ್ನು ಹಿತ್ತಿಲ ಗೊಬ್ಬರದ ಗುಂಡಿಗೆ ಹಾಕಿದಳು. ಇರುವೆಗಳು ಅದಕ್ಕೆ ಮುತ್ತಿದ್ದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಳು.

ಮುಂದಿನ ಎರಡು ದಿನ ಅವಳ ಕಣ್ಣಿಗೆ ಮನೆಯೆಲ್ಲ ಬೇರೆಯಾಗಿ ಕಂಡಿತು. ಸಿಂಕಿನ ಮೇಲಿನ ಕಿಟಕಿ, ಅಮ್ಮ ಹಿಡಿದು ಹಿಡಿದು ಬಣ್ಣ ಹೋದ ಬಚ್ಚಲಿನ ಹಿಡಿ, ಬೇಲಿಯ ಪಕ್ಕದ ನಿಂಬೆಗಿಡ. ಅರವತ್ತೇಳು ವರ್ಷ ಒಂದೇ ಬಾಗಿಲಿನಿಂದ ಒಳಗೆ ಬಂದವಳು ಇನ್ನು ಯಾವುದೋ ಒಳಗಡೆ ಊರಿನಲ್ಲಿ, ಗುರುತಿಲ್ಲದವರ ಪಕ್ಕದಲ್ಲಿ, ಒಂದು ಕೋಣೆ ಹಿಡಿದು ಕೂರಬೇಕು. ಅವಳಿಗೆ ಹೆದರಿಕೆಯಾಯಿತು. ರಾತ್ರಿ ಕ್ಲೈವ್ ಕೆಮ್ಮಿದರೆ ಎಚ್ಚರವಾಗುತ್ತಿತ್ತು, ಕೆಮ್ಮು ನಿಂತರೆ ಇನ್ನೂ ಎಚ್ಚರವಾಗುತ್ತಿತ್ತು.

ಮಂಗಳವಾರ ಸಂಜೆ ಎನಿಡ್ ಚರ್ಚಿನ ಹಾಡಿನ ಗುಂಪಿಗೆ ಹೋಗಿದ್ದಳು. ನೋಲಾ ಕುಂಬಳಕಾಯಿ ಒಲೆಗಿಟ್ಟು, ಹಲಗೆಯ ಮೇಲೆ ಎರಡು ಚಾಪ್ಸು ಹಾಕಿ, ಚಾಕು ತೆಗೆದುಕೊಂಡಳು. ಕ್ಲೈವ್‌ನ ಚಾಪ್ಸಿನ ಅಂಚಿನ ಕೊಬ್ಬಿನ ಪಟ್ಟಿಯನ್ನು ಒಂದೇ ಎಳೆತಕ್ಕೆ ಕತ್ತರಿಸಿ ಬದಿಗಿಟ್ಟಳು. ಕೈ ತಾನಾಗಿ ಮಾಡಿತು ಎಂದು ಹೇಳಿಕೊಳ್ಳಬಹುದಿತ್ತು. ಹಾಗೇನಿರಲಿಲ್ಲ. ಮಾಡುವಾಗಲೇ ಅವಳಿಗೆ ಏನು ಮಾಡುತ್ತಿದ್ದೇನೆಂದು ಗೊತ್ತಿತ್ತು.

ಕ್ಲೈವ್ ತಟ್ಟೆಯ ಮುಂದೆ ಕೂತು, ಚಾಪ್ಸನ್ನು ಫೋರ್ಕಿನಿಂದ ಒಮ್ಮೆ ಮಗುಚಿ ನೋಡಿದ.

"ಕೊಬ್ಬೆಲ್ಲಿ?"

"ತೆಗ್ದೆ."

ಅವನು ತಲೆ ಎತ್ತಿದ. ಭಾನುವಾರ ಜನೆಲ್‌ಳನ್ನು ಕೇಳುವಾಗ ಆ ಮುಖದಲ್ಲಿ ಇಷ್ಟು ನೋವು ಇರಲಿಲ್ಲ.

"ನೀನೂನಾ, ನೋಲಾ?"

ಡಾಕ್ಟರು ಹೇಳಿದ್ದಾರೆ ಎನ್ನಬಹುದಿತ್ತು. ಅಂಥ ನೆಪ ಎನಿಡ್‌ಳದು, ಅದನ್ನು ಬಾಯಿಗೆ ಹಾಕಿಕೊಳ್ಳಲು ಅವಳಿಗೆ ಆಗಲಿಲ್ಲ.

"ಹೂಂ, ನಾನೂನೇ. ನೀನು ಹೋದ್ರೆ ನಿನ್ನ ಮಗ ನನ್ನ ಈ ಅಡುಗೆಮನೆಯಿಂದ ಎಬ್ಬಿಸ್ತಾನೆ. ನಾನು ಎಲ್ಲಿಗೆ ಹೋಗ್ಲಿ ಹೇಳು."

ಕ್ಲೈವ್ ಬಟಾಣಿಯನ್ನು ತಟ್ಟೆಯ ಆ ಕಡೆಯಿಂದ ಈ ಕಡೆಗೆ ತಳ್ಳಿದ.

"ಮೊದಲಿನ ಥರ ಮತ್ತೆ ಜಂಟಿ ಮಾಡ್ಬಿಡ್ಲಾ? ಮೂರೂ ಜನ ಸೈನ್ ಹಾಕಿದ್ರೆ ಆಗುತ್ತಂತೆ."

"ಮಾಡು. ಮಾರನೇ ದಿನಾನೇ ಎನಿಡ್ ಹಂದಿ ಚರ್ಮ ತರ್ತಾಳೆ."

"ನನ್ನ ಪಾಲು ನಿಂಗೇ ಬರೆದಿಟ್ರೆ?"

"ಆಗ ನಾನೇ ತರ್ಬೇಕಾಗುತ್ತೆ."

ಅವನು ನಕ್ಕ. ಕಣ್ಣಲ್ಲಿ ನೀರು ಬರುವವರೆಗೆ, ಎದೆ ಹಿಡಿದುಕೊಳ್ಳುವವರೆಗೆ ನಕ್ಕ. ಆ ಕೈ ಎದೆಗೆ ಹೋದೊಡನೆ ನೋಲಾಳ ಉಸಿರು ನಿಂತಿತು, ಮತ್ತು ಅದು ನಿಂತದ್ದು ಅಣ್ಣನಿಗಾಗಿಯೋ ಅಡುಗೆಮನೆಗಾಗಿಯೋ ಅವಳಿಗೇ ತಿಳಿಯಲಿಲ್ಲ. ಅಷ್ಟು ದಿನ ಜನೆಲ್‌ಳ ಮೇಲೆ, ಎನಿಡ್‌ಳ ಮೇಲೆ ಇದ್ದ ಹೇಸಿಗೆಯೆಲ್ಲ ತನ್ನ ಮೇಲೇ ತಿರುಗಿ ಬಿತ್ತು. ಅವಳು ಎದ್ದಳು. ಹಲಗೆಯ ಮೇಲಿದ್ದ ಕೊಬ್ಬಿನ ಪಟ್ಟಿಯನ್ನು ಬಿಸಿ ಬಾಣಲೆಗೆ ಹಾಕಿ, ಎರಡೂ ಕಡೆ ಕೆಂಪಗೆ ಮಾಡಿ, ಎನಿಡ್ ಬಟ್ಟೆಯ ಕಪಾಟಿನಲ್ಲಿ ಬಚ್ಚಿಟ್ಟಿದ್ದ ಉಪ್ಪನ್ನೂ ತಂದು ಚಿಮುಕಿಸಿ, ಅಣ್ಣನ ತಟ್ಟೆಗೆ ಹಾಕಿದಳು.

"ತಗೋ, ತಿನ್ನು. ನಿನ್ನ ಆಯಸ್ಸಿಗೆ ಕಾವಲು ಕೂತು ನಂಗೆ ಈ ಮನೇಲಿ ಇರೋಕೆ ಆಗಲ್ಲ. ಬೀದಿಗೆ ಬಂದ್ರೂ ಬಂದೆ."

ಕ್ಲೈವ್ ತಲೆ ಬಗ್ಗಿಸಿ ವಾಸನೆ ನೋಡಿದ. ಅವನ ಬಾಯಲ್ಲಿ ನೀರೂರಿದ್ದು ಅವಳಿಗೆ ಕಂಡಿತು. ಅವನು ಚಾಪ್ಸನ್ನು ಮೂಳೆಯವರೆಗೆ ತಿಂದ, ಕುಂಬಳಕಾಯಿ ತಿಂದ, ಬಟಾಣಿಯನ್ನು ಒಂದೂ ಬಿಡದೆ ತಿಂದ. ಕೊಬ್ಬು ಕೊನೆಗೆ ಉಳಿಯಿತು, ಎಂದಿನ ಹಾಗೆ. ಅದನ್ನು ಫೋರ್ಕಿನ ತುದಿಯಿಂದ ತಟ್ಟೆಯ ಅಂಚಿಗೆ ತಳ್ಳಿ ಅಲ್ಲೇ ಬಿಟ್ಟ. ನೋಡನೋಡುತ್ತ ಅದು ಆರಿ ಬೆಳ್ಳಗಾಯಿತು.

"ಎನಿಡ್ ಬೇಯಿಸಿದ ಆ ಹಾಳು ಮೀನು ಏನಾದ್ರೂ ಮಿಕ್ಕಿದ್ಯಾ?" ಎಂದ.